ಜಗಳವಾದ ಮೇಲೆ ಮನೆಯನ್ನು ಮತ್ತೆ ಹದಕ್ಕೆ ತರುವುದು ಹೇಗೆ?

“ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಅನ್ನುವ ಗಾದೆ ಎಲ್ಲರಿಗೂ ಗೊತ್ತು. “ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು” ಅನ್ನುವುದೂ ಗೊತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ದೊಡ್ಡವರು ಉಂಡು, ಮಲಗಿ, ಬೆಳಗ್ಗೆ ಎದ್ದರೆ ಅವರ ಮಟ್ಟಿಗೆ ಜಗಳ ಮುಗಿಯಿತು. ಪಕ್ಕದ ಕೋಣೆಯಲ್ಲಿ ಹೊದಿಕೆ ಎಳೆದುಕೊಂಡು ಎಲ್ಲವನ್ನೂ ಕೇಳಿಸಿಕೊಂಡ ಮಗುವಿಗೆ ಮಾತ್ರ ಅದು ಮುಗಿದಿದೆ ಅಂತ ಯಾರೂ ಹೇಳಿರುವುದಿಲ್ಲ.

ಮಕ್ಕಳ ಮುಂದೆ ಜಗಳ ಆಡಬೇಡಿ ಎಂಬ ಬುದ್ಧಿಮಾತು ಬೇಕಾದಷ್ಟಿದೆ. ಒಳ್ಳೆಯ ಮಾತೇ. ದಣಿದ ಇಬ್ಬರು, ಹಟ ಮಾಡುವ ಒಂದು ಮಗು, ಮುಗಿಯದ ಕೆಲಸ ಇರುವ ಮನೆಯಲ್ಲಿ ಅದನ್ನು ವರ್ಷಪೂರ್ತಿ ಪಾಲಿಸಿದವರಿದ್ದರೆ ಅವರಿಗೆ ಈ ಬರಹ ಬೇಡ. ಇದು ಜಗಳ ಆಗಿಹೋದವರಿಗೆ. ಕೂಗಾಡಿದ್ದಾಯಿತು, ಬಾಗಿಲು ಬಡಿದದ್ದಾಯಿತು, ಮಗು ಅತ್ತದ್ದೂ ಆಯಿತು, ಈಗೇನು ಮಾಡಲಿ ಅನ್ನುವವರಿಗೆ. ಮನೆಯವರ ಮನಸ್ಸಿನ ಆರೋಗ್ಯಕ್ಕೆ ಜಗಳವೇ ಇಲ್ಲದಿರುವುದಕ್ಕಿಂತ, ಆದ ಜಗಳವನ್ನು ಸರಿಪಡಿಸಿಕೊಳ್ಳುವ ರೂಢಿ ಹೆಚ್ಚು ಮುಖ್ಯ ಅನ್ನುವುದು ನನ್ನ ನಿಲುವು.

ಸರಿಪಡಿಸಿದರೆ ಸಾಕೇ?

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ತಾಯಿ ತನ್ನ ಕೂಸಿನ ಎದುರು ಕೂತು ನಗಿಸುತ್ತ ಆಡಿಸುತ್ತಿರುತ್ತಾಳೆ. ಇದ್ದಕ್ಕಿದ್ದಂತೆ ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನಾಗಿಬಿಡುತ್ತಾಳೆ. ಕೂಸು ನಗುತ್ತದೆ, ಕೈ ಚಾಚುತ್ತದೆ, ಕಿರುಚುತ್ತದೆ. ಯಾವುದಕ್ಕೂ ಉತ್ತರ ಸಿಗದಿದ್ದಾಗ ಮುಖ ತಿರುಗಿಸಿಕೊಂಡು ಮುದುಡಿಕೊಳ್ಳುತ್ತದೆ. ಪ್ರಯೋಗದ ಈ ಭಾಗವನ್ನೇ ಎಲ್ಲರೂ ಹೇಳುತ್ತಾರೆ. ಆಮೇಲೆ ನಡೆಯುವುದನ್ನೂ ನೋಡಬೇಕು: ತಾಯಿ ಮತ್ತೆ ಮಾತಾಡಿಸುತ್ತಾಳೆ, ಕೂಸು ಸ್ವಲ್ಪ ಹೊತ್ತು ಮುನಿಸಿನಲ್ಲೇ ಇದ್ದು ಮೆಲ್ಲಗೆ ಅವಳ ಕಡೆ ತಿರುಗುತ್ತದೆ. ತಾಯಿ ಮಗು ಚೆನ್ನಾಗಿ ಹೊಂದಿಕೊಂಡಿರುವ ಜೋಡಿಯಲ್ಲೂ ಇಬ್ಬರ ತಾಳ ಕೂಡುವುದು ಸುಮಾರು ಶೇ. 30ರಷ್ಟು ಹೊತ್ತು ಮಾತ್ರ ಎಂದು ಟ್ರಾನಿಕ್ ತಂಡ ಗಮನಿಸಿತು. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಕೂಡಿಸಿಕೊಳ್ಳುವುದು. ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಅದಕ್ಕೂ ಮೊದಲೇ, 1953ರಲ್ಲಿ, ಮಗುವಿಗೆ ಬೇಕಾದವಳು ಕುಂದೇ ಇಲ್ಲದ ತಾಯಿಯಲ್ಲ, ತಕ್ಕಮಟ್ಟಿಗೆ ಒಳ್ಳೆಯ ತಾಯಿ ಎಂದು ಬರೆದಿದ್ದರು. ಅಪ್ಪಂದಿರೂ ಈ ರಿಯಾಯಿತಿ ತೆಗೆದುಕೊಳ್ಳಬಹುದು.

ಹಾಗಂತ ಮನಸ್ಸಿಗೆ ಬಂದಷ್ಟು ಕೂಗಾಡಿ ಆಮೇಲೆ ಸರಿಮಾಡಿದರಾಯಿತು ಎಂದುಕೊಳ್ಳಬೇಡಿ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 6ರಿಂದ 12 ತಿಂಗಳ ಕೂಸುಗಳು ನಿದ್ದೆಯಲ್ಲಿದ್ದಾಗ ಅವಕ್ಕೆ ಸಿಟ್ಟಿನ ದನಿ ಕೇಳಿಸಿ ಮಿದುಳಿನ ಎಂಆರ್‌ಐ ಮಾಡಿದರು. ಜಗಳ ಹೆಚ್ಚಿರುವ ಮನೆಗಳ ಕೂಸುಗಳಲ್ಲಿ, ಒತ್ತಡವನ್ನು ನಿಭಾಯಿಸುವ ಮಿದುಳಿನ ಭಾಗಗಳು ಆ ದನಿಗೆ ಹೆಚ್ಚು ಕೆರಳುತ್ತಿದ್ದವು. “ಮಲಗಿದೆ ಬಿಡು, ಅದಕ್ಕೇನು ಗೊತ್ತಾಗುತ್ತೆ” ಅನ್ನುವ ಮಾತಿಗೆ ಅಲ್ಲಿಗೆ ಅರ್ಥ ಉಳಿಯುವುದಿಲ್ಲ.

ಹೆಜ್ಜೆ 1: ಮೊದಲು ಮೈ ತಣ್ಣಗಾಗಲಿ

ಸಿಟ್ಟು ನೆತ್ತಿಗೇರಿದಾಗ ಎದೆಬಡಿತ ನಿಮಿಷಕ್ಕೆ 100 ದಾಟಬಹುದು. ಆ ಸ್ಥಿತಿಯಲ್ಲಿ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ದಂಪತಿಗಳ ಜಗಳವನ್ನು ದಶಕಗಳ ಕಾಲ ಪ್ರಯೋಗಾಲಯದಲ್ಲಿ ಕೂರಿಸಿಕೊಂಡು ನೋಡಿದ ಜಾನ್ ಗಾಟ್‌ಮನ್, ಮೈ ತನ್ನ ಮೊದಲಿನ ಸ್ಥಿತಿಗೆ ಬರಲು ಕನಿಷ್ಠ 20 ನಿಮಿಷ ಬೇಕು ಎನ್ನುತ್ತಾರೆ. ಐದು ನಿಮಿಷ ಬಚ್ಚಲಲ್ಲಿ ಮುಖ ತೊಳೆದು ಬಂದು “ಈಗ ಹೇಳು” ಅಂದರೆ ಎರಡನೇ ಸುತ್ತು ಶುರುವಾಗುವುದು ಅದಕ್ಕೇ.

ಬಿಡುವು ತೆಗೆದುಕೊಳ್ಳುವುದರಲ್ಲೂ ಒಂದು ರೀತಿ ಇದೆ. ಮಾತಿಲ್ಲದೆ ಎದ್ದು ಹೋಗಬೇಡಿ. “ನನಗೆ ಈಗ ಮಾತಾಡೋಕೆ ಆಗ್ತಿಲ್ಲ. ಅರ್ಧ ಗಂಟೆ ಬಿಟ್ಟು ಬರ್ತೀನಿ, ಆಮೇಲೆ ಮಾತಾಡೋಣ” ಅನ್ನಿ. ಹೊತ್ತು ಹೇಳದೆ ಹೋದರೆ ಅದು ಬಿಟ್ಟುಹೋದಂತೆ ಕಾಣುತ್ತದೆ, ಮಕ್ಕಳಿಗಂತೂ ಖಂಡಿತ. ಹೇಳಿದ ಹೊತ್ತಿಗೆ ವಾಪಸ್ ಬನ್ನಿ. ಇನ್ನೂ ಆಗುತ್ತಿಲ್ಲವೆಂದರೆ ಬಂದು, ಇನ್ನಷ್ಟು ಹೊತ್ತು ಬೇಕು ಎಂದು ಹೇಳಿಯೇ ಹೋಗಿ.

ಆ ಅರ್ಧ ಗಂಟೆಯಲ್ಲಿ ಮಾಡಬಾರದ ಕೆಲಸ ಒಂದೇ: ಮುಂದಿನ ಮಾತಿಗೆ ಅಸ್ತ್ರ ಮಸೆಯುವುದು. “ಅವನು ಹೀಗಂದರೆ ನಾನು ಹಾಗನ್ನುತ್ತೇನೆ” ಎಂದು ಮನಸ್ಸಿನಲ್ಲೇ ತಾಲೀಮು ನಡೆಸಿದರೆ ಎದೆಬಡಿತ ಇಳಿಯುವುದೇ ಇಲ್ಲ. ನಡೆದಾಡಿ, ಪಾತ್ರೆ ತೊಳೆಯಿರಿ, ಬಟ್ಟೆ ಮಡಚಿ. ಕೈಗೆ ಕೆಲಸ ಕೊಡುವುದು ಫೋನು ನೋಡುವುದಕ್ಕಿಂತ ವಾಸಿ.

ಹೆಜ್ಜೆ 2: ನಿಮಗೆ ಏನಾಗಿತ್ತು, ಒಂದು ವಾಕ್ಯದಲ್ಲಿ ಹೇಳಿಕೊಳ್ಳಿ

“ಸಿಟ್ಟು ಬಂತು” ಎಂದರೆ ಸಾಲದು. ಸಿಟ್ಟಿನ ಕೆಳಗೆ ಹೆಚ್ಚಾಗಿ ಬೇರೆ ಏನೋ ಇರುತ್ತದೆ: ಅವಮಾನ, ಹೆದರಿಕೆ, ಒಂಟಿ ಅನ್ನಿಸಿದ್ದು, ನಿದ್ದೆಗೆಟ್ಟದ್ದು, ಬರೀ ಹಸಿವು. “ಎಲ್ಲರೆದುರು ನನ್ನ ಮಾತು ತೆಗೆದುಹಾಕಿದಳು ಅಂತ ಅವಮಾನ ಆಯ್ತು” ಎಂದು ಹೆಸರಿಟ್ಟು ಹೇಳಿಕೊಂಡರೆ ಅದರ ಬಿಸಿ ಇಳಿಯುತ್ತದೆ. ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಅವರ ತಂಡ 2007ರಲ್ಲಿ ತೋರಿಸಿದ್ದೂ ಇದನ್ನೇ: ಭಾವನೆಗೆ ಮಾತು ಕೊಟ್ಟಾಗ, ಬೆದರಿಕೆಗೆ ಮೊದಲು ಸ್ಪಂದಿಸುವ ಅಮಿಗ್ಡಲಾ ಎಂಬ ಮಿದುಳಿನ ಭಾಗದ ಚಟುವಟಿಕೆ ಇಳಿಯುತ್ತದೆ. ಬರೆದರೂ ಆಗುತ್ತದೆ. ಬರೆದ ಚೀಟಿ ಯಾರ ಕೈಗೂ ಸಿಗದಂತೆ ಹರಿದು ಹಾಕಿ.

ಹೆಜ್ಜೆ 3: ಮಗುವಿನ ಹತ್ತಿರ ಹೋಗಿ

ದೊಡ್ಡವರಿಬ್ಬರ ನಡುವೆ ಇನ್ನೂ ರಾಜಿ ಆಗಿರದಿದ್ದರೂ ಸರಿ, ಮಗುವಿನ ಸರದಿ ಮೊದಲು. ಅದಕ್ಕೆ ಕಾಯುವ ತಾಕತ್ತು ಕಡಿಮೆ. ಅದರಲ್ಲೂ ಏಳು ವರ್ಷದೊಳಗಿನ ಮಕ್ಕಳು ಮನೆಯಲ್ಲಿ ಆಗುವ ಎಷ್ಟೋ ವಿಷಯಕ್ಕೆ ತಾವೇ ಕಾರಣ ಎಂದು ತಿಳಿಯುವುದುಂಟು. ನೀವು ದುಡ್ಡಿನ ವಿಷಯಕ್ಕೆ ಜಗಳ ಆಡಿದರೂ ಅದು ತಾನು ಚಪ್ಪಲಿ ಎಲ್ಲೆಂದರಲ್ಲಿ ಬಿಟ್ಟಿದ್ದಕ್ಕೆ ಅಂತ ಮಗು ಲೆಕ್ಕ ಹಾಕಿರುತ್ತದೆ. “ಇದು ನಿನ್ನಿಂದ ಆದದ್ದಲ್ಲ” ಅನ್ನುವ ಮಾತನ್ನು ಬಾಯಿಬಿಟ್ಟು ಹೇಳಲೇಬೇಕು. ಅದಾಗಿ ಅರ್ಥವಾಗುವುದಿಲ್ಲ.

ಇನ್ನು, ನೀವು ಮಗುವಿನ ಮೇಲೆಯೇ ರೇಗಿದ್ದರೆ. ಒಂದು ಸಂದರ್ಭ ಇಟ್ಟುಕೊಳ್ಳೋಣ. ಎಂಟು ವರ್ಷದ ಮಗಳು ಅಪ್ಪನ ಮೇಜಿನ ಮೇಲೆ ನೀರು ಚೆಲ್ಲಿದ್ದಾಳೆ, ಕಾಗದವೆಲ್ಲ ನೆನೆದಿದೆ, ಅಪ್ಪ ಮನೆ ಹಾರಿಹೋಗುವಂತೆ ಕೂಗಿದ್ದಾನೆ. ಒಂದು ಗಂಟೆ ಬಿಟ್ಟು ಕೋಣೆಗೆ ಬರುತ್ತಾನೆ.

“ಪುಟ್ಟಿ, ಅಪ್ಪ ಕೂಗಿದ್ದು ತಪ್ಪು. ಆದ್ರೆ ನೀನೂ ಅಷ್ಟೇ, ಎಷ್ಟು ಸಲ ಹೇಳಿದ್ರೂ ಕೇಳಲ್ಲವಲ್ಲ. ಆಯ್ತು, ಸಾರಿ. ಎಲ್ಲಿ, ಅಪ್ಪನ ಹತ್ರ ಬಾ, ನಗು ನೋಡೋಣ.”

ಕೇಳಲು ಚೆನ್ನಾಗಿದೆ, ಕೆಲಸಕ್ಕೆ ಬಾರದು. “ಆದ್ರೆ” ಬಂದ ಕೂಡಲೇ ಹಿಂದಿನ ವಾಕ್ಯ ಅಳಿಸಿಹೋಯಿತು. ತಪ್ಪು ಮತ್ತೆ ಮಗಳ ತಲೆಗೆ ಬಂತು. ಕೊನೆಗೆ ನಗಬೇಕಾದ ಜವಾಬ್ದಾರಿಯೂ ಅವಳದೇ. ಹೀಗೆ ಹೇಳಿದರೆ?

“ಆಗ ನೀರು ಚೆಲ್ಲಿದಾಗ ನಾನು ಜೋರಾಗಿ ಕೂಗಿದೆ. ನಿನಗೆ ಬುದ್ಧಿನೇ ಇಲ್ಲ ಅಂದೆ. ಹಾಗೆ ಅನ್ನಬಾರದಿತ್ತು. ನಿನಗೆ ಹೆದರಿಕೆ ಆಗಿರಬೇಕು. ಸಿಟ್ಟು ನಂದು, ಅದನ್ನ ತಡ್ಕೊಳ್ಳೋದೂ ನನ್ನ ಕೆಲಸ. ಇನ್ನೊಂದ್ಸಲ ಅಷ್ಟು ಸಿಟ್ಟು ಬಂದ್ರೆ ನಾನು ಆಚೆ ಹೋಗಿ ಬಂದು ಆಮೇಲೆ ಮಾತಾಡ್ತೀನಿ.”

ಏನು ಮಾಡಿದೆ ಎಂಬುದು ಇದರಲ್ಲಿ ನಿಖರವಾಗಿದೆ, ಅಂದ ಮಾತೂ ಸೇರಿದಂತೆ. ಆ ಮಾತನ್ನು ಮಗು ಮರೆತಿಲ್ಲ, ಹಾಗಾಗಿ ನೀವೂ ಮರೆತಂತೆ ನಟಿಸಬೇಡಿ. ಅವಳಿಗೆ ಏನಾಗಿರಬಹುದು ಎಂಬ ಊಹೆ ಇದೆ. ಮುಂದೆ ಏನು ಮಾಡುತ್ತೇನೆ ಎಂಬುದು “ಇನ್ನು ಯಾವತ್ತೂ ಕೂಗಲ್ಲ” ಎಂಬ ಸುಳ್ಳು ಭರವಸೆಯಾಗದೆ, ಮಾಡಿ ತೋರಿಸಬಹುದಾದ ಒಂದು ಸಣ್ಣ ಕೆಲಸವಾಗಿದೆ. ಇಷ್ಟು ಹೇಳಿ ನಿಲ್ಲಿಸಬೇಕು. ಮಗಳು “ಹೂಂ” ಅಂದರೆ ಅಷ್ಟೇ ಸಾಕು. ಗೋಡೆ ಕಡೆ ಮುಖ ಮಾಡಿ ಮಲಗಿಯೇ ಇದ್ದರೂ ಸಾಕು. ಕ್ಷಮಿಸಿದೆ ಅಂತ ಅವಳ ಬಾಯಿಂದ ಹೇಳಿಸುವುದು, ಮುತ್ತು ಕೇಳುವುದು, ನೀವೇ ಅತ್ತು ಅವಳಿಂದ ಸಮಾಧಾನ ಮಾಡಿಸಿಕೊಳ್ಳುವುದು, ಇವೆಲ್ಲ ಭಾರವನ್ನು ಅವಳ ಹೆಗಲಿಗೆ ದಾಟಿಸುವ ಉಪಾಯಗಳು.

ಉಡುಗೊರೆ ತಂದು ಕೊಟ್ಟು ಮಾತು ತಪ್ಪಿಸಿಕೊಳ್ಳುವುದೂ ಬೇಡ. ಕೂಗಿದರೆ ಆಟಿಕೆ ಬರುತ್ತದೆ ಎಂಬ ಲೆಕ್ಕ ಮಕ್ಕಳಿಗೆ ಬೇಗ ಹತ್ತುತ್ತದೆ.

ಇಲ್ಲಿ ಅನೇಕರಿಗೆ ಒಂದು ಅಳುಕು: ನಾವೇ ತಪ್ಪಾಯಿತು ಅಂದರೆ ಮಕ್ಕಳು ತಲೆ ಮೇಲೆ ಕೂರುವುದಿಲ್ಲವೇ? ಕ್ಷಮೆ ಕೇಳಿದ್ದು ಕೂಗಿದ್ದಕ್ಕೆ, ಹಾಕಿದ ನಿಯಮಕ್ಕಲ್ಲ. ರಾತ್ರಿ ಒಂಬತ್ತರ ಮೇಲೆ ಫೋನು ಇಲ್ಲ ಅಂದಿದ್ದರೆ ಅದು ಇಲ್ಲವೇ. ಕ್ಷಮೆ ಕೇಳಿದ ಸಂಕೋಚದಲ್ಲಿ ಫೋನನ್ನೂ ಕೊಟ್ಟುಬಿಟ್ಟರೆ ಎರಡೂ ಕೆಟ್ಟವು. ನೀರು ಚೆಲ್ಲಿದ ವಿಷಯವನ್ನೂ ಮಾತಾಡಬಹುದು, ಬೇರೆ ಹೊತ್ತಿನಲ್ಲಿ, ಒರೆಸುವ ಬಟ್ಟೆ ಅವಳ ಕೈಗೇ ಕೊಟ್ಟು.

ಹೆಜ್ಜೆ 4: ಸಂಗಾತಿಯ ಜೊತೆ

ಗಾಟ್‌ಮನ್ ಹೇಳುವ ನಾಲ್ಕು ಕೆಟ್ಟ ಚಾಳಿಗಳು ನಮ್ಮೆಲ್ಲರ ಮನೆಯಲ್ಲೂ ಸ್ವಲ್ಪ ಸ್ವಲ್ಪ ಇರುತ್ತವೆ. ಆದ ತಪ್ಪನ್ನು ಬಿಟ್ಟು ವ್ಯಕ್ತಿಯನ್ನೇ ದೂರುವುದು, ಕೀಳಾಗಿ ಕಾಣುವುದು, ಯಾವ ಮಾತಿಗೂ ತನ್ನದೇ ಸಮರ್ಥನೆ ಹೂಡುವುದು, ಗೋಡೆಯಂತೆ ಮಾತೇ ಆಡದೆ ಕೂರುವುದು. ಇವುಗಳಲ್ಲಿ ಸಂಬಂಧ ಮುರಿಯುವುದರ ಬಲವಾದ ಮುನ್ಸೂಚನೆ ಎರಡನೆಯದು, ತಿರಸ್ಕಾರ. ಮೂಗು ಮುರಿಯುವುದು, ಎದುರಿನವರ ದನಿಯನ್ನು ಅಣಕಿಸುವುದು, “ನಿಮ್ಮ ಮನೆಯವರೇ ಅಷ್ಟು” ಎನ್ನುವುದು. ಕೂಗಾಟಕ್ಕಿಂತ ಇದು ಕೆಟ್ಟದ್ದು, ಯಾಕೆಂದರೆ ಕೂಗು ಇಳಿಯುತ್ತದೆ, ಅಣಕಿಸಿದ್ದು ವರ್ಷಗಟ್ಟಲೆ ಉಳಿಯುತ್ತದೆ.

ಹಾಗಾಗಿ ವಾಪಸ್ ಬಂದು ಕೂತಾಗ ಮೊದಲ ಎರಡು ಮೂರು ವಾಕ್ಯಗಳ ಮೇಲೆ ಹಿಡಿತವಿರಲಿ. “ನೀನು ಯಾವಾಗಲೂ ಹೀಗೇ” ಎಂದು ಶುರುವಾದ ಮಾತು ಎಲ್ಲಿ ಮುಗಿಯುತ್ತದೆ ಎಂದು ಇಬ್ಬರಿಗೂ ಗೊತ್ತು. “ಇವತ್ತು ಸಂಜೆ ಎಲ್ಲವನ್ನೂ ನಾನೊಬ್ಬಳೇ ಮಾಡ್ತಿದ್ದೀನಿ ಅನ್ನಿಸ್ತು, ಸಾಕಾಗಿಹೋಗಿತ್ತು. ನಾಳೆಯಿಂದ ಮಗೂನ ಮಲಗಿಸೋದು ನೀನು ನೋಡ್ಕೋತೀಯಾ?” ಇದರಲ್ಲಿ ದೂರು ಇದೆ, ನೇರವಾಗಿಯೇ ಇದೆ, ಜೊತೆಗೆ ಎದುರಿನವರು ಹೂಂ ಅನ್ನಲು ಒಂದು ಕೆಲಸವೂ ಇದೆ.

ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಿಸಿಕೊಂಡದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ: “ಅಂದ್ರೆ, ನಾನು ಬಂದ ಕೂಡಲೇ ಫೋನ್ ಹಿಡ್ಕೊಂಡಿದ್ದು ನಿನಗೆ ಬೇಜಾರಾಯ್ತು, ಅಲ್ವಾ?” ನಾಟಕೀಯ ಅನ್ನಿಸುತ್ತದೆ, ಮೊದಮೊದಲು ನಗುವೂ ಬರುತ್ತದೆ. ನಕ್ಕರೆ ಒಳ್ಳೆಯದೇ ಆಯಿತು. ನಡುವೆ ಒಬ್ಬರು ರಾಜಿಗೆ ಕೈ ಚಾಚಿದರೆ, ಅಂದರೆ ಒಂದು ತಮಾಷೆ, ಒಂದು “ಆಯ್ತಪ್ಪ, ಆ ವಿಷಯದಲ್ಲಿ ನೀನೇ ಸರಿ”, ಹೆಗಲ ಮೇಲೆ ಒಂದು ಕೈ, ಅದನ್ನು ಗಮನಿಸಿ ಹಿಡಿದುಕೊಳ್ಳಿ. “ಈಗ ಬಂದೆಯಾ ದಾರಿಗೆ” ಎಂದು ಗೆದ್ದವರಂತೆ ಮಾತಾಡಿದರೆ ಮುಂದಿನ ಸಲ ಆ ಕೈ ಬರುವುದಿಲ್ಲ.

ಎಲ್ಲವೂ ಬಗೆಹರಿಯಬೇಕು ಎಂಬ ಹಟವನ್ನೂ ಬಿಡಿ. ಗಾಟ್‌ಮನ್ ಲೆಕ್ಕದಲ್ಲಿ ದಂಪತಿಗಳ ತಕರಾರುಗಳಲ್ಲಿ ಶೇ. 69ರಷ್ಟು ಬಗೆಹರಿಯುವಂಥವೇ ಅಲ್ಲ. ಸ್ವಭಾವದ ವ್ಯತ್ಯಾಸದಿಂದ ಹುಟ್ಟಿ ಮತ್ತೆ ಮತ್ತೆ ಬರುವಂಥವು. ಒಬ್ಬರಿಗೆ ಹಣ ಕೂಡಿಡುವ ಸ್ವಭಾವ, ಇನ್ನೊಬ್ಬರದು ಖರ್ಚಿನ ಕೈ. ಚೆನ್ನಾಗಿ ಬಾಳುವ ಜೋಡಿಗಳಿಗೂ ಅದು ಇರುತ್ತದೆ, ಅದರ ಬಗ್ಗೆ ಅವರು ಗಾಯ ಮಾಡಿಕೊಳ್ಳದೆ ಮಾತಾಡುವುದನ್ನು ಕಲಿತಿರುತ್ತಾರೆ ಅಷ್ಟೆ.

ಹೆಜ್ಜೆ 5: ರಾಜಿಯಾದದ್ದು ಮಗುವಿಗೆ ಗೊತ್ತಾಗಲಿ

ಇದನ್ನೇ ಎಲ್ಲರೂ ಮರೆಯುವುದು. ಜಗಳ ಹಜಾರದಲ್ಲಿ ಆಗುತ್ತದೆ, ರಾಜಿ ಮುಚ್ಚಿದ ಬಾಗಿಲ ಹಿಂದೆ. ಮಗು ನೋಡಿದ್ದು ಅರ್ಧ ಮಾತ್ರ. ಇ. ಮಾರ್ಕ್ ಕಮಿಂಗ್ಸ್ ಎಂಬ ಸಂಶೋಧಕ ಮತ್ತು ಅವರ ಸಂಗಡಿಗರು ಹಲವು ವರ್ಷ ಇದರ ಮೇಲೆಯೇ ಕೆಲಸ ಮಾಡಿದ್ದಾರೆ. ಜಗಳ ಬಗೆಹರಿದದ್ದನ್ನು ನೋಡಿದ ಮಕ್ಕಳ ಕಳವಳ ಬಹಳಷ್ಟು ಇಳಿಯುತ್ತದೆ. ಬಗೆಹರಿದದ್ದನ್ನು ಕಣ್ಣಾರೆ ನೋಡದೆ, ಬರೀ ಹೇಳಿ ತಿಳಿಸಿದರೂ ಉಪಯೋಗವಾಗುತ್ತದೆ. ಬರೀ ಮೌನದಲ್ಲಿ ಮುಗಿಸಿದ ಜಗಳಕ್ಕೆ ಆ ಗುಣವಿಲ್ಲ. ಮುನಿಸನ್ನು ಮಕ್ಕಳು ಮುಖದಲ್ಲೇ ಓದುತ್ತಾರೆ.

ಹೇಳುವುದು ಸುಲಭ: “ನಿನ್ನೆ ನಾನೂ ಅಪ್ಪನೂ ಜೋರಾಗಿ ಮಾತಾಡಿದ್ವಿ. ಆಮೇಲೆ ಕೂತು ಮಾತಾಡಿ ಸರಿ ಮಾಡ್ಕೊಂಡ್ವಿ. ನಿನಗೆ ಏನಾದ್ರೂ ಕೇಳ್ಬೇಕಾ?” ಜಗಳದ ವಿವರ ಕೊಡಬೇಕಿಲ್ಲ. ಯಾರದು ತಪ್ಪು ಎಂಬ ತೀರ್ಪು ಮಗುವಿನ ಹತ್ತಿರ ಕೇಳಲೇಬಾರದು. “ಅಪ್ಪನಿಗೆ ಹೋಗಿ ಹೇಳು” ಎಂದು ಮಗುವಿನ ಕೈಲಿ ಸಂದೇಶ ಕಳಿಸುವುದೂ ಬೇಡ. ಇನ್ನೂ ಸರಿಹೋಗಿಲ್ಲದಿದ್ದರೆ ಹೋಗಿದೆ ಅನ್ನಬೇಡಿ. “ಇನ್ನೂ ಮಾತಾಡ್ತಾ ಇದ್ದೀವಿ, ಅದು ನಮ್ಮ ಕೆಲಸ, ನೀನು ತಲೆ ಕೆಡಿಸ್ಕೋಬೇಡ” ಎಂದರೆ ಮಗು ನಂಬುತ್ತದೆ, ಯಾಕೆಂದರೆ ಅದು ನಿಜ.

ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರಿಗೂ ಒಂದು ಮಾತು ತಿಳಿಸಿಡಿ: ಮಗುವನ್ನು ಮಡಿಲಿಗೆ ತೆಗೆದುಕೊಳ್ಳಲಿ, “ನಿಮ್ಮಮ್ಮ ಹಾಗೇ” ಎಂಬ ಟಿಪ್ಪಣಿ ಮಾತ್ರ ಬೇಡ.

ಹದಿಹರೆಯದವರಿಗೆ ಬೇರೆ ದಾರಿ

ಎದುರು ಕೂರಿಸಿ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರೆ ಹದಿನೈದರ ಹುಡುಗ ವಿಚಾರಣೆಗೆ ಕೂತಂತೆ ಆಡುತ್ತಾನೆ. ಪಕ್ಕಪಕ್ಕ ಇರುವ ಹೊತ್ತು ನೋಡಿ: ಗಾಡಿಯಲ್ಲಿ ಹೋಗುವಾಗ, ಸೈಕಲ್ ತೊಳೆಯುವಾಗ. ಎರಡು ವಾಕ್ಯದಲ್ಲಿ ಮುಗಿಸಿ. ತಡೆದುಕೊಳ್ಳುವ, ಮುಂದಿನದನ್ನು ಯೋಚಿಸುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಹಾಗಾಗಿ ಮೊದಲು ತಣ್ಣಗಾಗಬೇಕಾದವರು ನೀವೇ. ಅವನು ಬಾಗಿಲು ಹಾಕಿಕೊಂಡರೆ “ಮಾತಾಡ್ಬೇಕು ಅನ್ನಿಸಿದಾಗ ನಾನು ಇಲ್ಲೇ ಇರ್ತೀನಿ” ಎಂದು ಹೇಳಿ ಬನ್ನಿ. ರಾತ್ರಿ ಹನ್ನೊಂದಕ್ಕೆ ಬಂದು ಮಾತು ಶುರುಮಾಡಿದರೆ ಮಲಗುವ ಹೊತ್ತಾಯಿತು ಅನ್ನಬೇಡಿ. ನಿದ್ದೆ ಮುಖ್ಯವೇ, ಆ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ಬೇಕು. ಆದರೂ ಆವತ್ತಿನ ಮಟ್ಟಿಗೆ ಮಾತು ಮೇಲು.

ಈ ಹೆಜ್ಜೆಗಳು ಎಲ್ಲಿ ಸಲ್ಲುವುದಿಲ್ಲ

ಹೊಡೆತ, ಬೆದರಿಕೆ, ದುಡ್ಡು ಕೊಡದೆ ಕಟ್ಟಿಹಾಕುವುದು, ಯಾರ ಜೊತೆ ಮಾತಾಡಿದೆ ಎಂದು ಫೋನು ಕಸಿದು ನೋಡುವುದು ಇರುವ ಮನೆಯಲ್ಲಿ ಮೇಲಿನ ಯಾವುದನ್ನೂ ಪ್ರಯೋಗಿಸಬೇಡಿ. ಅಲ್ಲಿ ಆಗುತ್ತಿರುವುದು ಜಗಳವೇ ಅಲ್ಲ. ಹೊಡೆದವರು ಮರುದಿನ ಅತ್ತು ಕಾಲು ಹಿಡಿಯುವುದು, ನಾಲ್ಕು ದಿನ ಬೆಣ್ಣೆಯಂತಿರುವುದು, ಮತ್ತೆ ಹೊಡೆಯುವುದು, ಇದು ಹೊರಗಿನಿಂದ ಸರಿಪಡಿಸಿಕೊಂಡಂತೆ ಕಾಣುತ್ತದೆ, ಅಷ್ಟೇ. ಗುರುತಿಸುವ ದಾರಿ ಒಂದಿದೆ: ಮಾತಾಡುವ ಮೊದಲು ನಿಮಗೆ ಹೆದರಿಕೆ ಆಗುತ್ತದೆಯೇ? ಆಗುವುದಾದರೆ ಅವರ ಮನಸ್ಸು ಅರಿಯುವುದಕ್ಕಿಂತ ನಿಮ್ಮ, ಮಕ್ಕಳ ಸುರಕ್ಷೆ ಮೊದಲು. ನಂಬುವ ಒಬ್ಬರಿಗೆ ವಿಷಯ ತಿಳಿಸಿ, ಮುಖ್ಯ ಕಾಗದಪತ್ರಗಳನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ, ಕೌಟುಂಬಿಕ ಹಿಂಸೆಯ ಸಹಾಯವಾಣಿಗೆ ಅವರು ನೋಡದ ಫೋನಿನಿಂದ ಕರೆ ಮಾಡಿ.

ಹೊರಗಿನ ನೆರವು ಯಾವಾಗ

ಎರಡು ವಾರಕ್ಕೂ ಮಿಕ್ಕಿ ದಿನದ ಹೆಚ್ಚಿನ ಹೊತ್ತು ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಏರುಪೇರು ಎಂದಾದರೆ ಅದು ಬರೀ ಬೇಜಾರಲ್ಲ, ವೈದ್ಯರು ನೋಡಬೇಕಾದ ಖಿನ್ನತೆ ಇರಬಹುದು. ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಅದು ದುಃಖದ ಬದಲು ಸಿಡುಕಾಗಿ ಕಾಣಿಸಬಹುದು. ಮೊದಲು ಆಡುತ್ತಿದ್ದವನು ಆಟ ಬಿಟ್ಟ, ಗೆಳೆಯರನ್ನು ಬಿಟ್ಟ, ಬೆಳಗ್ಗೆ ದಿನಾ ಹೊಟ್ಟೆನೋವು ಅನ್ನುತ್ತಾನೆ ಎಂದರೆ ಸೊಕ್ಕು ಎಂದು ತಳ್ಳಿಹಾಕಬೇಡಿ. ಹೆರಿಗೆಯಾದ ತಾಯಂದಿರಲ್ಲಿ ಸುಮಾರು ಶೇ. 13ರಷ್ಟು ಮಂದಿಗೆ ಮಾನಸಿಕ ತೊಂದರೆ, ಅದರಲ್ಲೂ ಹೆಚ್ಚಾಗಿ ಖಿನ್ನತೆ, ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯಲ್ಲಿ ಹಸುಗೂಸು ಬಂದ ಮೇಲೆ ಜಗಳ ಹೆಚ್ಚಾಗಿದ್ದರೆ ಅದನ್ನೂ ಯೋಚಿಸಿ.

ಯಾರಾದರೂ “ನಾನಿಲ್ಲದಿದ್ರೇ ಚೆನ್ನಾಗಿತ್ತು” ಎಂಬ ಧಾಟಿಯಲ್ಲಿ ಮಾತಾಡಿದರೆ ನೇರವಾಗಿ ಕೇಳಿ: “ಸಾಯಬೇಕು ಅಂತ ಅನ್ನಿಸ್ತಿದೆಯಾ?” ಕೇಳಿದ್ದರಿಂದ ಆ ಯೋಚನೆ ತಲೆಗೆ ಹೋಗುವುದಿಲ್ಲ, ಬಹಳ ಮಂದಿಗೆ ಕೇಳುವವರು ಸಿಕ್ಕರಲ್ಲ ಎಂದು ಹಗುರಾಗುತ್ತದೆ. ಹೌದು ಅಂದರೆ ಒಬ್ಬರೇ ಇರಲು ಬಿಡಬೇಡಿ, ಮಾತ್ರೆ, ವಿಷದಂಥ ವಸ್ತುಗಳನ್ನು ಕೈಗೆ ಸಿಗದಂತೆ ತೆಗೆದಿಡಿ, ಅವತ್ತೇ ಸಹಾಯವಾಣಿಗೆ ಅಥವಾ ಆಸ್ಪತ್ರೆಗೆ.

ಆಪ್ತಸಮಾಲೋಚಕರ ಹತ್ತಿರ ಮೊದಲ ಸಲ ಹೋಗುವಾಗ ಒಂದು ಕಾಗದದಲ್ಲಿ ಇಷ್ಟು ಬರೆದುಕೊಂಡು ಹೋಗಿ: ಯಾವಾಗಿನಿಂದ ಹೀಗಿದೆ, ಈಚಿನ ಒಂದು ಜಗಳ ಹೇಗೆ ಶುರುವಾಗಿ ಹೇಗೆ ಮುಗಿಯಿತು, ಯಾರ ನಿದ್ದೆ ಹೇಗಿದೆ, ಏನೇನು ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಏನು ಬದಲಾದರೆ ಸಾಕು ಅನ್ನಿಸುತ್ತದೆ. ಒಬ್ಬರ ಜೊತೆ ಹೊಂದಲಿಲ್ಲ ಎಂದರೆ ಇನ್ನೊಬ್ಬರನ್ನು ನೋಡುವುದರಲ್ಲಿ ತಪ್ಪಿಲ್ಲ. ಸಂಗಾತಿ ಬರಲು ಒಪ್ಪದಿದ್ದರೆ ಒಬ್ಬರೇ ಹೋಗಿ. ಇಬ್ಬರಲ್ಲಿ ಒಬ್ಬರು ಜಗಳವಾಡುವ ರೀತಿ ಬದಲಿಸಿಕೊಂಡರೂ ಜಗಳ ಹಳೆಯ ಜಾಡಿನಲ್ಲೇ ಹೋಗುವುದು ಕಷ್ಟ.